ಹಿಡಿದರೆ ಸಾಲದು, ಬಿಡಲೂ ಬೇಕು

ಹೊಸ ಅಡ್ಸಾರ್ಬೆಂಟ್ ಪುಡಿ (ಅನಿಲವನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುವ ವಸ್ತು) ನನ್ನ ಕೈಗೆ ಬಂದಾಗಲೆಲ್ಲ ಜೊತೆಗೊಂದು ಗ್ರಾಫ್ ಇರುತ್ತದೆ. ಒಂದು ಗ್ರಾಂ ಪುಡಿ ಇಷ್ಟು ಅನಿಲ ಹಿಡಿಯುತ್ತದೆ ಅಂತ. ನಾನು ಕೇಳುವುದು ಬೇರೆ: ಹಿಡಿದದ್ದನ್ನು ಬಿಡುತ್ತದಾ?

ಒತ್ತಡ ಏರಿಸಿ ಇಳಿಸಿ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ (ಪ್ರೆಶರ್ ಸ್ವಿಂಗ್ ಅಡ್ಸಾರ್ಪ್ಷನ್) ಘಟಕವನ್ನೇ ನೋಡಿ. ಅದರ ಗೋಪುರದ ತುಂಬ ಜಿಯೋಲೈಟ್ ಎಂಬ ಸಣ್ಣ ರಂಧ್ರಗಳ ಖನಿಜದ ಗುಂಡುಗಳು. ಇದಕ್ಕೆ ಮಾಲಿಕ್ಯುಲರ್ ಸೀವ್ ಅನ್ನುತ್ತಾರೆ, ಅಂದರೆ ಅಣುಗಳ ಜರಡಿ. ತಮಾಷೆ ಅಂದರೆ ಇಲ್ಲಿ ಜರಡಿಯ ಕೆಲಸ ನಡೆಯುವುದೇ ಇಲ್ಲ! ಸಾರಜನಕದ ಅಣುವಿನ ಅಗಲ ಸುಮಾರು 3.64 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯ ಒಂದು ಪಾಲು), ಆಮ್ಲಜನಕದ್ದು 3.46. ಇಲ್ಲಿ ಬಳಸುವ 13ಎಕ್ಸ್ ಎಂಬ ಬಗೆಯ ಜಿಯೋಲೈಟ್‌ನ ರಂಧ್ರದ ಬಾಯಿ 7ಕ್ಕಿಂತ ಜಾಸ್ತಿ. ಎರಡೂ ಸಲೀಸಾಗಿ ಒಳಗೆ ಹೋಗುತ್ತವೆ. ಒಳಗಿರುವ ಸೋಡಿಯಂ ಅಯಾನುಗಳು ಸಾರಜನಕವನ್ನು ಹೆಚ್ಚು ಸೆಳೆಯುತ್ತವೆ, ಅಷ್ಟೇ. ಸೋಡಿಯಂ ಬದಲು ಲಿಥಿಯಂ ಹಾಕಿದರೆ ಸೆಳೆತ ಇನ್ನೂ ಜೋರು. ಆಮ್ಲಜನಕ ಮುಂದೆ ಸಾಗುತ್ತದೆ, ಆರ್ಗಾನ್ ಕೂಡ ಅದರ ಬೆನ್ನಿಗೇ ಬರುತ್ತದೆ. ಹಾಗಾಗಿಯೇ ಶುದ್ಧತೆ ಸಾಮಾನ್ಯವಾಗಿ 95% ದಾಟುವುದಿಲ್ಲ. ಆಮೇಲೆ ಒತ್ತಡ ಇಳಿಸಿದರೆ ಸಾರಜನಕ ಹೊರಬೀಳುತ್ತದೆ. ಮತ್ತೆ ಶುರು.

ಈ ಎರಡು ಒತ್ತಡಗಳ ನಡುವೆ ಹಿಡಿದು ಬಿಟ್ಟ ಅನಿಲವೇ ನಿಜವಾದ ಸಂಪಾದನೆ. ಹಿಡಿತ ಅತಿ ಬಿಗಿಯಾದರೆ ಬಿಡಿಸಲು ಶಾಖವೋ ನಿರ್ವಾತವೋ ಬೇಕು. ಅದಕ್ಕೆ ಕರೆಂಟ್ ಬಿಲ್ ಕಟ್ಟುವವರು ಯಾರು, ಅಲ್ವಾ?

ಇನ್ನು ನೀರು. ಒಮ್ಮೆ ಒಂದು ಘಟಕದಲ್ಲಿ ಶುದ್ಧತೆ ಮೆಲ್ಲಗೆ ಇಳಿಯುತ್ತಿತ್ತು. ನಾವು ದಿನಗಟ್ಟಲೆ ವಾಲ್ವ್‌ಗಳನ್ನು ಬಿಚ್ಚಿ ನೋಡಿದೆವು. ಸುಮ್ನೆ ದಂಡ. ಗಾಳಿಯ ತೇವ ಹೀರಲು ಕೆಳಗೆ ಹಾಕಿದ್ದ ಅಲ್ಯುಮಿನಾ ಪದರ ಸೋತು, ತೇವ ಮೇಲಿನ ಜಿಯೋಲೈಟ್‌ಗೆ ಏರಿತ್ತು. ನೀರನ್ನು ಒಮ್ಮೆ ಹಿಡಿದ 13ಎಕ್ಸ್ ಬರೀ ಒತ್ತಡ ಇಳಿಸಿದರೆ ಬಿಡುವುದಿಲ್ಲ, ಚೆನ್ನಾಗಿ ಕಾಯಿಸಬೇಕು.

2025ರ ರಸಾಯನಶಾಸ್ತ್ರ ನೊಬೆಲ್ ಎಂಒಎಫ್‌ಗಳಿಗೆ, ಅಂದರೆ ಮೆಟಲ್-ಆರ್ಗಾನಿಕ್ ಫ್ರೇಮ್‌ವರ್ಕ್‌ಗಳಿಗೆ, ಬಂತು. ಲೋಹ ಮತ್ತು ಸಾವಯವ ಕೊಂಡಿಗಳನ್ನು ಹೆಣೆದು ನಮಗೆ ಬೇಕಾದ ರಂಧ್ರ ಕಟ್ಟುವ ವಿದ್ಯೆ ಅದು. ಅವುಗಳಲ್ಲಿ ಎಂಜಿ-ಎಂಒಎಫ್-74 ಒಣ ಇಂಗಾಲದ ಡೈಆಕ್ಸೈಡನ್ನು ಬಾಚಿಕೊಳ್ಳುತ್ತದೆ, ತೇವ ತಗುಲಿದರೆ ಸೊರಗುತ್ತದೆ. ಇನ್ನೊಂದು ಎಂಒಎಫ್ ಆದ ಕಾಲ್ಫ್-20 ಹಿಡಿಯುವುದು ಅದರ ಅರ್ಧದಷ್ಟೇ. ಆದರೂ ನನ್ನ ಓಟು ಇದಕ್ಕೇ. ಸಾಧಾರಣ ತೇವದಲ್ಲೂ ಇದು ಇಂಗಾಲದ ಡೈಆಕ್ಸೈಡನ್ನೇ ಆರಿಸಿಕೊಳ್ಳುತ್ತದೆ, ಬಿಡುವಾಗಲೂ ಹಟ ಮಾಡುವುದಿಲ್ಲ.

ಪುಡಿಯನ್ನು ಹಾಗೇ ಗೋಪುರಕ್ಕೆ ಸುರಿಯಲೂ ಆಗದು, ಗಾಳಿ ಹರಿಯುವುದಿಲ್ಲ. ಅಂಟು ಬೆರೆಸಿ ಗುಂಡು ಮಾಡಬೇಕು. ಅಂಟಿನ ತೂಕದಷ್ಟು ಸಾಮರ್ಥ್ಯ ಅಲ್ಲೇ ಹೋಯಿತು, ಕೆಲವು ರಂಧ್ರಗಳ ಬಾಯಿಯೂ ಮುಚ್ಚಬಹುದು. ಆದ್ದರಿಂದ ಸ್ಯಾಂಪಲ್ ಕಳಿಸುವವರಲ್ಲಿ ಒಂದು ಕೋರಿಕೆ: ಗ್ರಾಫ್ ಗುಂಡಿನದ್ದಿರಲಿ, ಅದೂ ಒದ್ದೆ ಅನಿಲದಲ್ಲಿ ಅಳೆದದ್ದು.