ತೊಡೆಸಂದಿನ ನೋವನ್ನು 'ಉಷ್ಣ' ಅಂತ ಬಿಡಬೇಡಿ

ಮೂತ್ರರೋಗ ವಿಭಾಗದಲ್ಲಿ ಮುಖ್ಯವಾದ ಮಾತು ಎಷ್ಟೋ ಸಲ ಕೊನೆಗೆ ಬರುತ್ತದೆ. ಬೆನ್ನುನೋವು, ಗ್ಯಾಸ್ಟ್ರಿಕ್ಕು ಎಲ್ಲ ಹೇಳಿ ಮುಗಿಸಿ, ಎದ್ದು ನಿಂತ ಮೇಲೆ, "ಸಾರ್, ಹೆಂಡತಿ ಜೊತೆ ಸೇರಿದ ಮೇಲೆ ಸಂದಿನಲ್ಲಿ ನೋಯುತ್ತೆ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಎಳನೀರು, ಬಾರ್ಲಿ ನೀರು, ಹೊಕ್ಕುಳಿಗೆ ಹರಳೆಣ್ಣೆ ಎಲ್ಲ ಆಗಿರುತ್ತದೆ. ಉಷ್ಣ ಅಂತ ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಇನ್ನು ಕೆಲವರು ಮೆಜೆಸ್ಟಿಕ್ ಕಡೆಯ ಗೋಡೆಗಳ ಮೇಲಿನ 'ಗುಪ್ತರೋಗ' ಪೋಸ್ಟರ್ ನೋಡಿ ದುಡ್ಡು ಕಳೆದುಕೊಂಡು ಬಂದಿರುತ್ತಾರೆ.

ಲೈಂಗಿಕ ಕ್ರಿಯೆ ಆದಮೇಲೆ ನೋವು ಬಂತು ಅಂದಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಮೊದಲೇ ಇದ್ದ ತೊಂದರೆ ಆಗ ಗೊತ್ತಾಗಿರಬಹುದು. ಹಾಗಾಗಿ ನನ್ನ ಮೊದಲ ಪ್ರಶ್ನೆ ಒಂದೇ: ನೋವು ದಿಢೀರ್ ಅಂತ ಬಂತಾ, ನಿಧಾನಕ್ಕೆ ಏರಿತಾ?

ತುಂಬಾ ಜನರದ್ದು ಬರೀ ಸ್ನಾಯುವಿನ ನೋವು. ವಾರವಿಡೀ ವೈಟ್‌ಫೀಲ್ಡ್ ಆಫೀಸಿನಲ್ಲಿ ಕೂತು, ಭಾನುವಾರ ಟರ್ಫ್‌ನಲ್ಲಿ ಫುಟ್‌ಬಾಲ್ ಆಡಿದರೆ ತೊಡೆಯ ಒಳಬದಿಯ ಸ್ನಾಯು ಸುಮ್ನೆ ಇರುತ್ತಾ? ಅಂಗಾತ ಮಲಗಿ, ಮಂಡಿ ಮಡಚಿ, ಮಂಡಿಗಳ ನಡುವೆ ದಿಂಬಿಟ್ಟು ಒತ್ತಿ ನೋಡಿ. ಅದೇ ಜಾಗದಲ್ಲಿ ಅದೇ ನೋವು ಬಂದರೆ ಬಹುಮಟ್ಟಿಗೆ ಸ್ನಾಯುವಿನದ್ದೇ. ಮೊದಲ ಒಂದೆರಡು ದಿನ ಐಸ್ ಇಡಿ, ಆಮೇಲೆ ಕೆಲವು ವಾರ ಆಟ, ಜಿಮ್ ಎರಡಕ್ಕೂ ರಜೆ ಕೊಡಿ. ಉದ್ರೇಕವಾಗಿ ವೀರ್ಯ ಹೋಗದೆ ಉಳಿದಾಗ ಬೀಜಗಳಲ್ಲಿ ಭಾರ ಅನ್ನಿಸುವುದೂ ಉಂಟು. ಅದು ತಾನಾಗಿಯೇ ಇಳಿಯುತ್ತದೆ, ಅಪಾಯವಿಲ್ಲ. ಅದನ್ನೇ ನೆಪ ಮಾಡಿಕೊಂಡು ಹೆಂಡತಿಯನ್ನು ಒತ್ತಾಯಿಸುವವರೂ ಇದ್ದಾರೆ. ಅದಕ್ಕೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

ನಿಂತಾಗ, ಕೆಮ್ಮಿದಾಗ ಸಂದಿನಲ್ಲಿ ಉಬ್ಬು ಕಂಡು, ಮಲಗಿದರೆ ಮಾಯವಾದರೆ ಅದು ಹರ್ನಿಯಾ ಇರಬಹುದು. ಆ ವಾರದಲ್ಲೇ ಸರ್ಜನ್‌ಗೆ ತೋರಿಸಿ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ನೋವು ವಾಂತಿ ಶುರುವಾದರೆ ಆ ರಾತ್ರಿಯೇ ಹೋಗಬೇಕು. ಪಕ್ಕೆಯಿಂದ ಸಂದಿನವರೆಗೆ ಅಲೆ ಅಲೆಯಾಗಿ ಬರುವ ನೋವು ಕಿಡ್ನಿ ಕಲ್ಲಿನದಾಗಿರಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಹೆದರಿ ನೀರೇ ಕುಡಿಯದವರ ಊರು ಇದು.

ಒಂದೆರಡು ದಿನದಲ್ಲಿ ನಿಧಾನಕ್ಕೆ ಏರುವ ನೋವು, ಬೀಜದ ಹಿಂಬದಿ ಊತ, ಉರಿಮೂತ್ರ, ಜ್ವರ ಇದ್ದರೆ ಸೋಂಕು ಅಂತ ಅನುಮಾನಿಸುತ್ತೇವೆ. 35 ವರ್ಷದ ಒಳಗಿನವರಲ್ಲಿ ಹೆಚ್ಚಾಗಿ ಕ್ಲಮೈಡಿಯಾ, ಗೊನೋರಿಯಾದಂಥ ಲೈಂಗಿಕ ಸೋಂಕು. ವಯಸ್ಸಾದವರಲ್ಲಿ ಮೂತ್ರದ ಸೋಂಕು. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಿದ ಎರಡು ಮಾತ್ರೆಗೆ ಇದು ಹೋಗುವುದಿಲ್ಲ. ಲೈಂಗಿಕ ಸೋಂಕಾದರೆ ಸಂಗಾತಿಗೂ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಮತ್ತೆ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳು ಇದಕ್ಕೇ ಇವೆ. ಅಲ್ಲಿ ಚಿಕಿತ್ಸೆ ಉಚಿತ.

ನನಗೆ ಹೆದರಿಕೆ ಇರುವುದು ಬೀಜ ತಿರುಚಿಕೊಳ್ಳುವ ತೊಂದರೆಗೆ. ನೀರಿನ ಪೈಪು ಮುರುಟಿದ ಹಾಗೆ ರಕ್ತದ ಹರಿವು ನಿಂತುಬಿಡುತ್ತದೆ. 12ರಿಂದ 18ರ ಹುಡುಗರಲ್ಲಿ ಜಾಸ್ತಿ, ಆದರೆ ದೊಡ್ಡವರಿಗೂ ಬರುತ್ತದೆ. ಆಟವಾಡುವಾಗ, ಲೈಂಗಿಕ ಕ್ರಿಯೆಯ ನಂತರ, ಸುಮ್ನೆ ನಿದ್ದೆಯಲ್ಲಿದ್ದಾಗಲೂ ಆಗಬಹುದು. ಒಂದು ಕಡೆ ದಿಢೀರ್ ತೀವ್ರ ನೋವು, ವಾಕರಿಕೆ, ಬೀಜ ಮೇಲಕ್ಕೆ ಎಳೆದುಕೊಂಡಂತೆ ಇರುವುದು ಅದರ ಗುರುತು. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಹೆಚ್ಚಿನ ಬೀಜಗಳು ಉಳಿಯುತ್ತವೆ. ರಾತ್ರಿ 2ಕ್ಕೆ ಶುರುವಾದ ನೋವಿಗೆ ಬೆಳಿಗ್ಗೆ ಒಪಿಡಿ ತೆರೆಯಲಿ ಅಂತ ಕಾದರೆ ಆ ಹೊತ್ತು ಮುಗಿದೇ ಹೋಗಿರುತ್ತದೆ. ಹಾಗಂತ ತಡವಾಯಿತು ಅಂತ ಮನೆಯಲ್ಲೇ ಉಳಿಯಬೇಡಿ. ಮೊದಲು ಸ್ಕ್ಯಾನಿಂಗ್ ಸೆಂಟರ್ ಹುಡುಕುತ್ತಾ ಅಲೆಯುವುದೂ ಬೇಡ. ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೇ ನೇರ ಹೋಗಿ. ಹುಡುಗರು ನಾಚಿಕೆಯಿಂದ ಹೊಟ್ಟೆನೋವು ಅನ್ನುವುದುಂಟು, ಅಪ್ಪ ಅಮ್ಮ ಬಿಡಿಸಿ ಕೇಳಬೇಕು.

ಹೆಂಗಸರ ವಿಷಯವೇ ಬೇರೆ. ಸೇರಿದ ಮೇಲೆ ಕೆಳಹೊಟ್ಟೆಯಲ್ಲಿ, ಸಂದಿನಲ್ಲಿ ಒಂದೇ ಕಡೆ ದಿಢೀರ್ ನೋವು ಬಂದರೆ ಅಂಡಾಶಯದ ನೀರುಗುಳ್ಳೆ ಒಡೆದಿರಬಹುದು. ಮುಟ್ಟು ತಡವಾಗಿ, ನೋವಿನ ಜೊತೆ ತಲೆಸುತ್ತು ಅಥವಾ ಭುಜದ ತುದಿಯಲ್ಲಿ ನೋವು ಇದ್ದರೆ ಗರ್ಭ ನಳಿಕೆಯಲ್ಲಿ ನಿಂತಿರುವ ಅನುಮಾನ ಬರುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಪ್ರತಿ ಸಲವೂ ಒಳಗೆ ಆಳದಲ್ಲಿ ನೋವು, ಮುಟ್ಟಿನಲ್ಲೂ ವಿಪರೀತ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ ಬೆಳೆಯುವ ತೊಂದರೆ) ಇರಬಹುದು. "ಹೊಸದರಲ್ಲಿ ಹಾಗೇ ಕಣಮ್ಮ, ಹೊಂದಿಕೋ" ಅನ್ನುವ ಹಿರಿಯರ ಮಾತು ಇಲ್ಲಿ ಬೇಡ. ಸ್ತ್ರೀರೋಗ ತಜ್ಞರನ್ನು ನೋಡಿ.

ಕೌಂಟರಿನಲ್ಲಿ ಹತ್ತು ಜನರ ಮುಂದೆ ಎಲ್ಲ ಹೇಳಬೇಕಿಲ್ಲ. ಮೂತ್ರದ ತೊಂದರೆ ಅಂದರೆ ಸಾಕು, ಉಳಿದದ್ದು ಒಳಗೆ ಹೇಳಿ. ಎಮರ್ಜೆನ್ಸಿಯಲ್ಲಿ ಮಾತ್ರ "ಬೀಜದಲ್ಲಿ ದಿಢೀರ್ ನೋವು, ಇಷ್ಟು ಗಂಟೆಗೆ ಶುರುವಾಯಿತು" ಅಂತ ನೇರವಾಗಿ ಹೇಳಿಬಿಡಿ. ಬರೀ ಹೊಟ್ಟೆನೋವು ಅಂದರೆ ಸರದಿಯಲ್ಲಿ ಕೂರಿಸಿಬಿಡಬಹುದು. ದಾರಿಯಲ್ಲಿ ಕಾಫಿ ತಿಂಡಿಯೂ ಬೇಡ, ಅರಿವಳಿಕೆ ಕೊಡಬೇಕಾಗಬಹುದು.