ಅವರೆ ಗಿಡ ರಾತ್ರಿ ಅಳೆಯುತ್ತದೆ

ಡಿಸೆಂಬರ್ ಬಂತು ಅಂದ್ರೆ ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಅವರೆಕಾಯಿ ರಾಶಿ ಬೀಳುತ್ತದೆ. ಕೊಳ್ಳುವವರು ಮೊದಲು ಕಾಳು ನೋಡುವುದಿಲ್ಲ. ಒಂದು ಕಾಯಿ ಎತ್ತಿ, ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿಯುತ್ತಾರೆ. ಸೊಗಡು ಇದ್ದರೆ ಚೌಕಾಶಿ ಶುರು. ಇಲ್ಲದಿದ್ದರೆ ಪಕ್ಕದ ರಾಶಿ.

ಬೆರಳಿಗೆ ಅಂಟುವ ಆ ಜಿಡ್ಡು ಸಿಪ್ಪೆಯ ಮೇಲೆ ಒಸರುವ ಒಂದು ಬಗೆಯ ಎಣ್ಣೆ. ಡೋಡೆಸೆನಾಯಿಕ್, ಟೆಟ್ರಾಡೆಸೆನಾಯಿಕ್ ಅಂತ ನಾಲಿಗೆ ತೊಡರುವ ಹೆಸರಿನ ಕೊಬ್ಬಿನ ಆಮ್ಲಗಳು ಅದರಲ್ಲಿವೆ. ಕೊತ್ತಂಬರಿ ಸೊಪ್ಪಿನ ಘಮದಲ್ಲಿರುವ ಡೋಡೆಸೆನಾಲ್ ಇವಕ್ಕೆ ಹತ್ತಿರದ ನೆಂಟ. ಜಿಡ್ಡು ನೀರಲ್ಲಿ ಕರಗುವುದಿಲ್ಲ. ಅದಕ್ಕೇ ಬುಟ್ಟಿಗಟ್ಟಲೆ ಕಾಯಿ ಸುಲಿದ ಕೈಯನ್ನು ಸುಮ್ನೆ ತೊಳೆದರೆ ವಾಸನೆ ಹೋಗಲ್ಲ, ಸೋಪು ಬೇಕು.

ಈ ಕಾಯಿ ಡಿಸೆಂಬರಿಗೇ ಯಾಕೆ ಬರುತ್ತೆ? ಚಳಿಗೆ, ಇಬ್ಬನಿಗೆ ಅನ್ನುತ್ತಾರೆ ಎಲ್ಲರೂ. ಆದರೆ ನಾಟಿ ಅವರೆಗೆ ಹೂ ಬಿಡುವ ಸೂಚನೆ ಕೊಡುವುದು ಚಳಿಯಲ್ಲ, ರಾತ್ರಿಯ ಉದ್ದ. ನಮ್ಮ ಕೋಲಾರದಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ, ಅಷ್ಟೇ. ಲಂಡನ್ನಿನಲ್ಲಿ ಅದು ಒಂಬತ್ತು ಗಂಟೆಯ ಹತ್ತಿರ. ದಿನಕ್ಕೆ ಒಂದು ನಿಮಿಷವೂ ಬದಲಾಗದ ನಮ್ಮ ಹಗಲನ್ನು ಕೈಗಡಿಯಾರ ಇಲ್ಲದೆ ನಾವು ಗುರುತಿಸಲಾರೆವು. ಗಿಡ ಗುರುತಿಸುತ್ತದೆ.

ಇದು ಮೊದಲು ಸರಿಯಾಗಿ ಗೊತ್ತಾಗಿದ್ದು ಹೊಗೆಸೊಪ್ಪಿನಿಂದ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ವಿಜ್ಞಾನಿಗಳ ಹೊಲದಲ್ಲಿ ಒಂದು ತಳಿ ಬೇಸಿಗೆಯಿಡೀ ಎತ್ತರಕ್ಕೆ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಅದೇ ತಳಿ ಚಿಕ್ಕ ಗಿಡದಲ್ಲೇ ಹೂ ಬಿಟ್ಟಿತು. ಅವರು ಬೇಸಿಗೆಯಲ್ಲಿ ದಿನಾ ಒಂದಷ್ಟು ಹೊತ್ತು ಗಿಡಗಳನ್ನು ಕತ್ತಲೆ ಕೋಣೆಗೆ ತಳ್ಳಿ, ಹಗಲನ್ನು ಗಿಡ್ಡ ಮಾಡಿದರು. ಹೂ ಬಂತು! 1920ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಗಿಡದ ಮೇಲೆ ಪ್ರಯೋಗ ಮಾಡಿ ಇನ್ನೂ ಮಜವಾದ ಸಂಗತಿ ತೋರಿಸಿದರು. ಹಗಲಿನ ನಡುವೆ ಕತ್ತಲು ಮಾಡಿದರೆ ಗಿಡಕ್ಕೆ ಏನೂ ಅನಿಸುವುದಿಲ್ಲ. ನಡುರಾತ್ರಿ ಒಂದು ನಿಮಿಷ ದೀಪ ಹಾಕಿದರೆ ಸಾಕು, ಹೂ ಬಿಡುವುದೇ ಇಲ್ಲ. ಅಂದರೆ ಗಿಡ ಅಳೆಯುತ್ತಿರುವುದು ಹಗಲನ್ನಲ್ಲ, ಅಡ್ಡಿಯಿಲ್ಲದ ಕತ್ತಲೆಯನ್ನು.

ಎಲೆಯಲ್ಲಿರುವ ಫೈಟೋಕ್ರೋಮ್ ಅನ್ನುವ ಪ್ರೋಟೀನು ಈ ಕೆಲಸದಲ್ಲಿದೆ. ಕೆಂಪು ಬೆಳಕು ಬಿದ್ದರೆ ಒಂದು ರೂಪ, ಕತ್ತಲಲ್ಲಿ ನಿಧಾನಕ್ಕೆ ಇನ್ನೊಂದು ರೂಪ. ಮಧ್ಯೆ ದೀಪ ಹತ್ತಿದರೆ ಲೆಕ್ಕ ಮತ್ತೆ ಮೊದಲಿನಿಂದ. ಅವರೆಯ ಹಾಗೇ ಗಿಡ್ಡ ಹಗಲಿಗೆ ಹೂ ಬಿಡುವ ಸೋಯಾಬೀನಿನಲ್ಲಿ ಬೀದಿದೀಪದ ಪಕ್ಕದ ಗಿಡಗಳು ಕಾಯಿ ಕಟ್ಟದೆ ಹಸಿರಾಗಿಯೇ ಉಳಿಯುವುದನ್ನು ಅಮೆರಿಕದ ರೈತರು ಬಲ್ಲರು. ರಸ್ತೆ ಬದಿಗೆ ಹೊಲ ಇರುವವರು, ಹೊಸ ಎಲ್‌ಇಡಿ ಕಂಬದ ಕೆಳಗಿನ ಅವರೆ ಸಾಲನ್ನು ಒಮ್ಮೆ ಗಮನಿಸಿ ನೋಡಿ.

ಈ ಗಡಿಯಾರದಿಂದ ರೈತರಿಗೆ ಲಾಭವೂ ಇದೆ, ತಾಪತ್ರಯವೂ ಇದೆ. ರಾಗಿ ನಡುವೆ ಅಕ್ಕಡಿ ಸಾಲಾಗಿ ಅವರೆ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ರಾಗಿ ಕೊಯ್ದ ಮೇಲೆ ಅವರೆ ಮಣ್ಣಲ್ಲಿ ಉಳಿದ ತೇವದಲ್ಲೇ ಹಬ್ಬಿಕೊಂಡು ಸಂಕ್ರಾಂತಿ ತನಕ ಕಾಯಿ ಕೊಡುತ್ತದೆ. ಆದರೆ ಮಳೆ ತಡವಾದರೆ? ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಬಿತ್ತನೆ ಆಗಸ್ಟಿಗೆ ಜಾರಿದರೂ ರಾತ್ರಿ ಉದ್ದವಾಗುವುದು ಒಂದು ದಿನವೂ ತಡವಾಗುವುದಿಲ್ಲ. ಗಿಡ ಇನ್ನೂ ಮೈದುಂಬುವ ಮೊದಲೇ ಹೂ ಬಿಟ್ಟುಬಿಡುತ್ತದೆ, ಇಳುವರಿ ಬೀಳುತ್ತದೆ. ಹವಾಮಾನ ಕೆಟ್ಟಿದೆ ಅಂತ ನಾವು ಮಾತಾಡುವಾಗ ಬಿಸಿಲು, ಮಳೆ ಲೆಕ್ಕ ಹಾಕುತ್ತೇವೆ. ಮಳೆಯ ಕ್ಯಾಲೆಂಡರು ಅಲುಗಾಡುತ್ತಿದ್ದರೂ ಬೆಳಕಿನ ಕ್ಯಾಲೆಂಡರು ಅಲುಗಾಡುವುದಿಲ್ಲ ಅನ್ನುವುದೇ ಇಂಥ ಬೆಳೆಗಳ ನಿಜವಾದ ಪೇಚು. ಇದರ ಬಗ್ಗೆ ಮಾತು ಕಮ್ಮಿ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇದಕ್ಕೆ ಒಂದು ದಾರಿ ಹುಡುಕಿತು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ರಾತ್ರಿಯ ಉದ್ದಕ್ಕೆ ಕಾಯುವುದಿಲ್ಲ. ನೀರಿದ್ದರೆ ಯಾವಾಗ ಬೇಕಾದರೂ ಬಿತ್ತಬಹುದು. ಬೇಸಿಗೆಯಲ್ಲೂ ಹಿತಕಿದ ಬೇಳೆ ಸಾರು, ಮುದ್ದೆ ಸಿಗುವುದು ಇವುಗಳ ದಯೆಯಿಂದ. "ಅದೇನ್ ಅವರೆನೋ, ಸೊಗಡೇ ಇಲ್ಲ" ಅನ್ನುವ ಗೊಣಗಾಟವೂ ಅದರ ಜೊತೆಗೇ ಬಂತು.

ತಳಿಯಿಂದ ತಳಿಗೆ ಸೊಗಡು ಬೇರೆ ಅನ್ನುವುದು ನಿಜ. ಆದರೆ ಗೊಣಗಾಟದಲ್ಲಿ ಎಷ್ಟು ಪಾಲು ಕಾಯಿಯದು, ಎಷ್ಟು ಮನಸ್ಸಿನದು? ವಾಸನೆಯ ಸುದ್ದಿ ಮೂಗಿನಿಂದ ನೆನಪು, ಭಾವನೆಗಳ ಜಾಗಕ್ಕೆ ಬೇರೆ ಇಂದ್ರಿಯಗಳಿಗಿಂತ ನೇರವಾಗಿ ಹೋಗುತ್ತದೆ. ಹಾಗಾಗಿ ಜನವರಿಯ ಕಾಯಿಯ ಜೊತೆ ಅಜ್ಜಿಮನೆಯ ಜಗಲಿ, ಎಳ್ಳುಬೆಲ್ಲ, ಸುಲಿಯಲು ಕೂತ ಅತ್ತೆ ಚಿಕ್ಕಮ್ಮಂದಿರು ಎಲ್ಲ ಸೇರಿಕೊಂಡಿರುತ್ತಾರೆ. ಮೇ ತಿಂಗಳ ಕಾಯಿಗೆ ಅದ್ಯಾವುದೂ ಇಲ್ಲ, ಪಾಪ. ನಿರೀಕ್ಷೆ ಮೂಗನ್ನು ಎಷ್ಟು ಆಡಿಸುತ್ತೆ ಅನ್ನುವುದಕ್ಕೆ ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಪರೀಕ್ಷೆ ನಡೆದಿದೆ. 2001ರಲ್ಲಿ ಪ್ರಕಟವಾದದ್ದು. ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ 54 ಜನಕ್ಕೆ ಕೊಟ್ಟರು. ವೈನನ್ನೇ ಓದುತ್ತಿದ್ದವರು ಅವರು. ಆದರೂ ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದರ ಪರಿಮಳ ಬಣ್ಣಿಸಿದರು.

ನಮ್ಮಲ್ಲಿ ಇದನ್ನು ಮಾಡಲು ಬೋರ್ಡೋ ಬೇಕಿಲ್ಲ. ಜನವರಿಯಲ್ಲಿ ನಾಟಿ ಅವರೆ ಒಂದು ಹಿಡಿ, ಹೆಬ್ಬಾಳ ಅವರೆ ಒಂದು ಹಿಡಿ ತನ್ನಿ. ಮನೆಯವರ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಕಾಯಿ ಉಜ್ಜಿ ಮೂಗಿಗೆ ಹಿಡಿಯಿರಿ. ಹಿಡಿಯುವವರಿಗೂ ಯಾವುದು ಯಾವುದು ಅಂತ ಗೊತ್ತಿರಬಾರದು. ಗೊತ್ತಿದ್ದರೆ ಅವರ ದನಿ ಕೇಳಿಯೇ ಅಜ್ಜಿ ಉತ್ತರ ಹೇಳಿಬಿಡುತ್ತಾರೆ.