ಬೋರ್ಡೋದಲ್ಲಿ ಹೆಸರಿಗೆ ರ್‍ಯಾಂಕ್, ಬರ್ಗಂಡಿಯಲ್ಲಿ ಮಣ್ಣಿಗೆ

ಹೋಟೆಲುಗಳಲ್ಲಿ ವೈನ್ ಬಡಿಸುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಫ್ರಾನ್ಸ್ ಪಾಠ ಶುರುವಾದರೆ ಸಾಕು, ಮೊದಲ ಪ್ರಶ್ನೆ ಯಾವಾಗಲೂ ಇದೇ: ‘ಸರ್, ನಂಬರ್ ಒನ್ ಯಾವುದು?’ ಕೇಳುವುದರಲ್ಲಿ ತಪ್ಪೇನಿಲ್ಲ. ಫ್ರೆಂಚರೇ 1855ರಲ್ಲಿ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ, ಅದು ಇವತ್ತಿಗೂ ಚಲಾವಣೆಯಲ್ಲಿದೆ. ಆದರೆ ಆ ಪಟ್ಟಿ ಮಾಡಿದವರು ಸಾಲಾಗಿ ಕೂತು ವೈನ್ ಕುಡಿದು ಅಂಕ ಹಾಕಲಿಲ್ಲ. ರೇಟ್ ನೋಡಿದರು, ಅಷ್ಟೇ.

ಆಗಿದ್ದು ಹೀಗೆ. 1855ರಲ್ಲಿ ಮೂರನೇ ನೆಪೋಲಿಯನ್ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ಇಟ್ಟ. ಬೋರ್ಡೋ ಅಂದರೆ ಫ್ರಾನ್ಸಿನ ಒಂದು ಊರು, ಸುತ್ತಲಿನ ವೈನ್ ಸೀಮೆಗೂ ಅದೇ ಹೆಸರು. ಅಲ್ಲಿನ ವಾಣಿಜ್ಯ ಮಂಡಳಿಗೆ ತಮ್ಮ ವೈನ್‌ಗಳನ್ನು ದರ್ಜೆವಾರು ತೋರಿಸಬೇಕಿತ್ತು. ಅವರು ಊರಿನ ವೈನ್ ದಲ್ಲಾಳಿಗಳ ಸಂಘಕ್ಕೆ ಪತ್ರ ಬರೆದರು. ಎರಡು ವಾರದೊಳಗೆ, ಏಪ್ರಿಲ್ 18ರಂದು, ಪಟ್ಟಿ ಸಿದ್ಧ! ಅಷ್ಟು ಬೇಗ ಹೇಗಾಯ್ತು ಅಂದರೆ, ಯಾವ ತೋಟದ ಪೀಪಾಯಿ ಎಷ್ಟಕ್ಕೆ ಹೋಗುತ್ತದೆ ಅನ್ನುವ ಲೆಕ್ಕ ದಶಕಗಳಿಂದ ದಲ್ಲಾಳಿಗಳ ಪುಸ್ತಕದಲ್ಲಿತ್ತು. ಜಾಸ್ತಿ ರೇಟ್ ಬಂದದ್ದು ಮೇಲೆ, ಕಡಿಮೆ ಬಂದದ್ದು ಕೆಳಗೆ. ಕೆಂಪು ವೈನ್‌ಗೆ ಐದು ದರ್ಜೆ. ಮೊದಲ ದರ್ಜೆಯಲ್ಲಿ ನಾಲ್ಕೇ ಹೆಸರು: ಶಾಟೋ (ಅಂದರೆ ದ್ರಾಕ್ಷಿ ಬೆಳೆದು ವೈನ್ ಮಾಡುವ ತೋಟದ ಮನೆ) ಲಫೀತ್, ಲತೂರ್, ಮಾರ್ಗೋ, ಓ-ಬ್ರಿಯೋಂ. ಮೊದಲ ಮೂರು ಮೆಡೋಕ್ ಸೀಮೆಯವು. ಓ-ಬ್ರಿಯೋಂ ಮಾತ್ರ ಬೋರ್ಡೋ ಊರಿಗೆ ಅಂಟಿಕೊಂಡಿರುವ ಪೆಸ್ಸಾಕ್‌ನದು. ಅದನ್ನು ಬಿಟ್ಟು ಪಟ್ಟಿ ಮಾಡಿದ್ದರೆ ಜನ ನಗುತ್ತಿದ್ದರು, ಅಷ್ಟು ಬೇಡಿಕೆ ಅದಕ್ಕೆ.

ಆ ಬೇಡಿಕೆ ಎಲ್ಲಿಂದ ಬಂತು? ಇಂಗ್ಲೆಂಡಿನಿಂದ. 1152ರಲ್ಲಿ, ಬೋರ್ಡೋ ಸೇರಿದ್ದ ಅಕ್ವಿಟೇನ್ ಸೀಮೆಯ ಒಡತಿ ಎಲಿನೋರ್ ಹೆನ್ರಿಯನ್ನು ಮದುವೆಯಾದಳು, ಆತ ಮುಂದೆ ಇಂಗ್ಲೆಂಡಿನ ರಾಜನಾದ. ಅಲ್ಲಿಂದ 1453ರವರೆಗೆ, ಅಂದರೆ ಮುನ್ನೂರು ವರ್ಷ, ಬೋರ್ಡೋ ಇದ್ದದ್ದು ಇಂಗ್ಲಿಷ್ ರಾಜರ ಕೈಯಲ್ಲಿ. ಆಳ್ವಿಕೆ ಹೋದರೂ ಕುಡಿಯುವ ಅಭ್ಯಾಸ ಹೋಗಲಿಲ್ಲ ನೋಡಿ. ಆಗೆಲ್ಲ ವೈನ್ ಊರಿನ ಹೆಸರಲ್ಲಿ ಮಾರಾಟವಾಗುತ್ತಿತ್ತು, ತೋಟದ ಹೆಸರಲ್ಲಿ ಅಲ್ಲ. ಈ ಪದ್ಧತಿ ಮುರಿದವರಲ್ಲಿ ಮೊದಲಿಗರು ಓ-ಬ್ರಿಯೋಂನ ಪೋಂತಾಕ್ ಮನೆತನದವರು. 1663ರ ಏಪ್ರಿಲ್‌ನಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಡೈರಿಯಲ್ಲಿ ‘ಹೋ ಬ್ರಯನ್’ ಅನ್ನುವ ಫ್ರೆಂಚ್ ವೈನ್ ಕುಡಿದೆ, ಇಂಥ ರುಚಿ ಹಿಂದೆಂದೂ ಕಂಡಿಲ್ಲ ಎಂದು ಬರೆದ. ಮೂರು ವರ್ಷದ ನಂತರ ಲಂಡನ್ ಸುಟ್ಟು ಬೂದಿಯಾಯ್ತು. ಪೋಂತಾಕ್ ಮನೆಯವರು ಅಲ್ಲೇ ಒಂದು ಹೋಟೆಲ್ ತೆರೆದು ತಮ್ಮ ವೈನನ್ನು ತಾವೇ ದುಬಾರಿ ರೇಟಿಗೆ ಬಡಿಸಿದರು. ಬ್ರ್ಯಾಂಡಿಂಗ್ ಅಂತ ನಾವು ಈಗ ಕ್ಲಾಸ್ ತೆಗೆದುಕೊಳ್ಳುತ್ತೇವೆ, ಅವರು 1666ರಲ್ಲೇ ಮಾಡಿ ಮುಗಿಸಿದ್ದರು.

ಇನ್ನೊಂದು ವಿಷಯ. ಲಫೀತ್, ಲತೂರ್ ತೋಟಗಳನ್ನು ಸಾವಿರಾರು ವರ್ಷ ಹಳೆಯವು ಅನ್ನುವ ಹಾಗೆ ವರ್ಣಿಸುವ ಮಾರಾಟದ ಭಾಷಣಗಳನ್ನು ನಂಬಬೇಡಿ. ಮೆಡೋಕ್‌ನ ಬಹುಪಾಲು ಜೌಗು ನೆಲವಾಗಿತ್ತು. 17ನೇ ಶತಮಾನದಲ್ಲಿ ಡಚ್ಚರು ಬಂದು ಕಾಲುವೆ ತೋಡಿ ನೀರು ಬಸಿದರು. ಆಮೇಲೆ ಬೋರ್ಡೋದ ಶ್ರೀಮಂತ ನ್ಯಾಯಾಧೀಶರು, ಅಧಿಕಾರಿಗಳು ದುಡ್ಡು ಸುರಿದು ದ್ರಾಕ್ಷಿ ಹಾಕಿದರು. ಅವರಿಗೆ ಸಿಕ್ಕಿದ್ದು ಗರಸು ನೆಲದ ತಗ್ಗು ದಿಬ್ಬಗಳು. ಮಳೆ ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯಲೇಬೇಕು, ಹಗಲಿನ ಬಿಸಿಲನ್ನು ಕಲ್ಲು ಹಿಡಿದಿಟ್ಟುಕೊಳ್ಳುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋಂ ತಳಿಗೆ ಬೇಕಾದದ್ದೂ ಅದೇ. ಬೇರೆ ಬೆಳೆಗೆ ಪ್ರಯೋಜನವಿಲ್ಲದ ನೆಲ ಅದು.

ರುಚಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ಲತೂರ್ ಒರಟು, ಒಗರು ಜಾಸ್ತಿ, ಹದಿನೈದು ಇಪ್ಪತ್ತು ವರ್ಷ ಕಾಯದವರಿಗೆ ಬಾಗಿಲೇ ತೆರೆಯುವುದಿಲ್ಲ. ಮಾರ್ಗೋದಲ್ಲಿ ಪರಿಮಳವೇ ಮುಂದು. ಲಫೀತ್ ಸಣಕಲು ಅನ್ನಿಸಬಹುದು, ಆದರೆ ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಓ-ಬ್ರಿಯೋಂನಲ್ಲಿ ಹೊಗೆ, ಬೆಚ್ಚನೆಯ ಮಣ್ಣಿನ ವಾಸನೆ. ನನಗೆ ಒಂದೇ ಆರಿಸು ಅಂದರೆ ಓ-ಬ್ರಿಯೋಂ.

ಈಗ ಮುಖ್ಯ ವಿಷಯ. 1855ರ ಪಟ್ಟಿ ರ್‍ಯಾಂಕ್ ಕೊಟ್ಟದ್ದು ಶಾಟೋದ ಹೆಸರಿಗೆ, ಜಮೀನಿಗಲ್ಲ. ಮೊದಲ ದರ್ಜೆಯ ಶಾಟೋ ಅದೇ ಸೀಮೆಯಲ್ಲಿ ಪಕ್ಕದ ತೋಟ ಕೊಂಡು ಸೇರಿಸಿಕೊಂಡರೆ ಆ ದ್ರಾಕ್ಷಿಯೂ ಮೊದಲ ದರ್ಜೆಯೇ. ಕೇಳಿದರೆ ಮೋಸ ಅನ್ನಿಸುತ್ತದೆ, ಅಲ್ವಾ? ಆದರೆ ಪೂರ್ತಿ ಮೋಸ ಅಲ್ಲ. ಹೆಸರಿಗೆ ರೇಟ್ ಸಿಗುತ್ತದೆ ಅಂತಾದ ಮೇಲೆ ಆ ದುಡ್ಡು ತೋಟಕ್ಕೇ ವಾಪಸ್ ಹೋಗುತ್ತದೆ: ಪ್ರತಿ ವರ್ಷ 225 ಲೀಟರಿನ ಹೊಸ ಓಕ್ ಪೀಪಾಯಿಗಳು, ಕೊಯ್ಲಿಗೆ ಜಾಸ್ತಿ ಆಳು, ಮತ್ತೆ ಎಲ್ಲಕ್ಕಿಂತ ದೊಡ್ಡದು, ಮನಸ್ಸಿಗೆ ಬಾರದ ಪೀಪಾಯಿಯನ್ನು ಪಕ್ಕಕ್ಕಿಡುವ ಧೈರ್ಯ. ಹಾಗೆ ಪಕ್ಕಕ್ಕಿಟ್ಟದ್ದು ‘ಎರಡನೇ ವೈನ್’ ಆಗಿ ಬೇರೆ ಲೇಬಲ್‌ನಲ್ಲಿ ಹೋಗುತ್ತದೆ. ಲತೂರ್‌ನದು ಲೆ ಫೋರ್ ದ ಲತೂರ್, ಮಾರ್ಗೋದು ಪವಿಯೋಂ ರೂಜ್. ರೇಟ್ ನೋಡಿ ಮಾಡಿದ ಪಟ್ಟಿಯನ್ನು ಈ ಮನೆಗಳು ದುಡಿದು ನಿಜ ಮಾಡಿಕೊಂಡವು ಅನ್ನುವುದು ನನ್ನ ಲೆಕ್ಕ. ಎಲ್ಲರೂ ಅಲ್ಲ ಬಿಡಿ. ಮಲಗಿಬಿಟ್ಟವರೂ ಪಟ್ಟಿಯಲ್ಲಿದ್ದಾರೆ, ಮೇಲೆದ್ದವರೂ ಇದ್ದಾರೆ. ಐದನೇ ದರ್ಜೆಯ ಲಿಂಚ್-ಬಾಜ್ ಎಷ್ಟೋ ಎರಡನೇ ದರ್ಜೆಯವರಿಗಿಂತ ಜಾಸ್ತಿಗೆ ಹೋಗುತ್ತದೆ, ಮೂರನೆಯ ಪಾಲ್ಮೆರ್ ಕೂಡ ಹಾಗೇ.

ಮೊದಲ ದರ್ಜೆ ಬದಲಾದದ್ದು ಒಂದೇ ಸಲ. ಮುತೋಂ ತೋಟವನ್ನು ನಥಾನಿಯಲ್ ರಾತ್‌ಚೈಲ್ಡ್ 1853ರಲ್ಲಿ ಕೊಂಡ, ಎರಡೇ ವರ್ಷಕ್ಕೆ ಪಟ್ಟಿ ಬಂದು ಅದು ಎರಡನೇ ದರ್ಜೆಗೆ ಬಿತ್ತು. 1868ರಲ್ಲಿ ಅದೇ ಮನೆತನದ ಇನ್ನೊಂದು ಕವಲಿನ ಜೇಮ್ಸ್, ಲಫೀತ್ ತೋಟವನ್ನು ಕೊಂಡ, ಅದು ಮೊದಲ ದರ್ಜೆ. ದಾಯಾದಿ ಮತ್ಸರಕ್ಕೆ ಇದಕ್ಕಿಂತ ಬೇಕೇ? ಮುತೋಂ ನೋಡಿಕೊಳ್ಳಲು 1922ರಲ್ಲಿ ಬಂದ, ನಥಾನಿಯಲ್ ವಂಶದ ಫಿಲಿಪ್‌ಗೆ ಆಗ ಇಪ್ಪತ್ತು ವರ್ಷ. ಅಲ್ಲಿಯವರೆಗೆ ಶಾಟೋಗಳು ಪೀಪಾಯಿ ಮಾರುತ್ತಿದ್ದವು, ಬಾಟಲಿಗೆ ತುಂಬುವುದು ಊರಿನ ಸಗಟು ವ್ಯಾಪಾರಿಗಳ ಕೆಲಸ. ನಡುವೆ ಏನು ಬೆರೆಸುತ್ತಾರೋ ಯಾರಿಗೆ ಗೊತ್ತು! 1924ರಿಂದ ಫಿಲಿಪ್ ಎಲ್ಲ ವೈನನ್ನೂ ಶಾಟೋದಲ್ಲೇ ತುಂಬಿಸಿದ. 1945ರಿಂದ ಪ್ರತಿ ವರ್ಷ ಒಬ್ಬ ಕಲಾವಿದನಿಂದ ಲೇಬಲ್ ಚಿತ್ರ ಬರೆಸಿದ: ದಾಲಿ, ಮೀರೋ, ಶಗಾಲ್. ಜೊತೆಗೆ ದರ್ಜೆ ಬದಲಿಸಿ ಅಂತ ದಶಕಗಟ್ಟಲೆ ಬೆನ್ನು ಬಿದ್ದ. ಕೊನೆಗೆ 1973ರಲ್ಲಿ ಮುತೋಂ ಅನ್ನು ಮೊದಲ ದರ್ಜೆಗೆ ಏರಿಸುವ ಆದೇಶಕ್ಕೆ ಸಹಿ ಹಾಕಿದ್ದು ಆಗಿನ ಕೃಷಿ ಮಂತ್ರಿ ಜಾಕ್ ಶಿರಾಕ್, ಮುಂದೆ ಫ್ರಾನ್ಸಿನ ಅಧ್ಯಕ್ಷರಾದವರು. ಆ ವರ್ಷದ ಲೇಬಲ್ ಮೇಲೆ ಪಿಕಾಸೊ ಚಿತ್ರ. 2009ರ ಲೇಬಲ್ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು, ಕ್ಲಾಸಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಫ್ರಾನ್ಸಿನ ಇನ್ನೊಂದು ವೈನ್ ಸೀಮೆ ಬರ್ಗಂಡಿಗೆ ಬಂದರೆ ಎಲ್ಲ ತಿರುವುಮುರುವು. ಅಲ್ಲಿ ದರ್ಜೆ ಇರುವುದು ಮಣ್ಣಿಗೆ. ಒಂದು ಸರ್ವೆ ನಂಬರು, ಹತ್ತಾರು ಪಾಲುದಾರರು, ನಮ್ಮ ಹಳ್ಳಿಯ ಪಹಣಿಯ ಹಾಗೆ. ಕ್ಲೋ ದ ವೂಜೋ ನೋಡಿ. ಸಿತೋ ಮಠದ ಸನ್ಯಾಸಿಗಳು ಗೋಡೆ ಕಟ್ಟಿ ಬೆಳೆಸಿದ 50 ಹೆಕ್ಟೇರ್ ತೋಟ. ಕ್ರಾಂತಿಯ ಕಾಲದಲ್ಲಿ ಸರ್ಕಾರ ಮಠದ ಆಸ್ತಿ ಕಿತ್ತುಕೊಂಡು ಮಾರಿತು, ಆಮೇಲೆ ಕೈಯಿಂದ ಕೈಗೆ ಹೋಗಿ, ನೆಪೋಲಿಯನ್ ಕಾನೂನಿನ ಪ್ರಕಾರ ಮಕ್ಕಳಿಗೆಲ್ಲ ಸಮಪಾಲಾಗಿ, ಇವತ್ತು ಸುಮಾರು 80 ಮಾಲೀಕರು. ಲೇಬಲ್ ಮೇಲೆ ತೋಟದ ಹೆಸರು ಒಂದೇ, ಆದರೆ ಒಬ್ಬನ ವೈನ್ ಅದ್ಭುತ, ಇನ್ನೊಬ್ಬನದು ಸಪ್ಪೆ. ಹಾಗಾಗಿ ಬರ್ಗಂಡಿಯಲ್ಲಿ ಮಾಡಿದವನ ಹೆಸರು ಓದದೆ ದುಡ್ಡು ಕೊಡಬೇಡಿ.

ಬರ್ಗಂಡಿಯದೇ ಆದ ರೊಮಾನೆ-ಕೋಂತಿ ತೋಟಕ್ಕೆ ಮಾತ್ರ ಈ ತಲೆನೋವಿಲ್ಲ, ಇಡೀ ತೋಟ ಒಂದೇ ಸಂಸ್ಥೆಯ ಕೈಯಲ್ಲಿದೆ. ಇರುವುದೇ ಸುಮಾರು 1.8 ಹೆಕ್ಟೇರ್, ಅಂದರೆ ನಾಲ್ಕೂವರೆ ಎಕರೆ. 1760ರಲ್ಲಿ ಕೋಂತಿಯ ರಾಜಕುಮಾರ ಕೊಂಡ, ಹೆಸರಿನ ಅರ್ಧ ಅವನದೇ. 19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಹೇನು ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ಹಾಕಿತು. ಎಲ್ಲರೂ ಅಮೆರಿಕದ ಬೇರಿಗೆ ಕಸಿ ಕಟ್ಟಿದರೆ ಇವರು ಔಷಧಿ ಹಾಕುತ್ತಾ 1945ರವರೆಗೆ ಹಳೆಯ ಬಳ್ಳಿಯನ್ನೇ ಉಳಿಸಿಕೊಂಡರು. ಯುದ್ಧದಲ್ಲಿ ಔಷಧಿ ಸಿಗಲಿಲ್ಲ, ಕಿತ್ತು ಹೊಸದಾಗಿ ನೆಟ್ಟರು. 1946ರಿಂದ 1951ರವರೆಗಿನ ರೊಮಾನೆ-ಕೋಂತಿ ಅನ್ನುವುದೇ ಇಲ್ಲ. ಯಾರಾದರೂ 1949ರ ಬಾಟಲಿ ತೋರಿಸಿದರೆ ನಮಸ್ಕಾರ ಹಾಕಿ ಎದ್ದು ಬನ್ನಿ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ರೂಡಿ ಕುರ್ನಿಯವಾನ್ ಅನ್ನುವವನು ಅಮೆರಿಕದಲ್ಲಿ ಇಂಥ ನಕಲಿಗಳನ್ನು ತಯಾರಿಸಿ ಕೋಟ್ಯಧೀಶರಿಗೆ ಮಾರಿದ. ಬರ್ಗಂಡಿಯ ಪೋಂಸೋ ಮನೆತನ 1980ರ ದಶಕದಲ್ಲಷ್ಟೇ ಮಾಡಲು ಶುರುಮಾಡಿದ ವೈನಿನ 1945ರ ಬಾಟಲಿ ಹರಾಜಿಗೆ ಬಂದಾಗ ಆ ಮನೆಯವರೇ ತಡೆದರು. 2014ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು.

ಇಕೆಮ್ ಬಗ್ಗೆ ಹೇಳದೆ ಮುಗಿಸಲು ಮನಸ್ಸಿಲ್ಲ. ಬೋರ್ಡೋದ ಸೋತೆರ್ನ್ ಕಡೆಯ ಈ ಶಾಟೋ ಸಿಹಿ ಬಿಳಿ ವೈನ್ ಮಾಡುತ್ತದೆ, 1855ರಲ್ಲಿ ಸಿಹಿ ವೈನ್‌ಗಳಿಗೆಲ್ಲ ಮೇಲೆ ಇದಕ್ಕೊಂದಕ್ಕೇ ಪ್ರತ್ಯೇಕ ದರ್ಜೆ. ಸಿಹಿಯ ಗುಟ್ಟು ಬೂಷ್ಟು. ಸಿರೋಂ ಹೊಳೆಯ ತಣ್ಣೀರು ಗರೋನ್ ನದಿಗೆ ಸೇರುವಲ್ಲಿ ಬೆಳಗ್ಗೆ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು. ಆ ಹದಕ್ಕೆ ಹಣ್ಣಿನ ಸಿಪ್ಪೆಗೆ ಬೂಷ್ಟು ಹತ್ತಿ ನೀರು ಆರಿ, ಸಕ್ಕರೆ ಗಟ್ಟಿಯಾಗುತ್ತದೆ. ಎಲ್ಲ ಹಣ್ಣಿಗೂ ಒಟ್ಟಿಗೆ ಹತ್ತುವುದಿಲ್ಲ, ಅದಕ್ಕೆ ಆಳುಗಳು ಒಂದೇ ಸಾಲಿಗೆ ಮತ್ತೆ ಮತ್ತೆ ಬಂದು ಹದವಾದದ್ದನ್ನಷ್ಟೇ ಬಿಡಿಸುತ್ತಾರೆ. ಒಂದು ಬಳ್ಳಿಗೆ ಒಂದು ಗ್ಲಾಸ್ ವೈನ್, ಅಷ್ಟೇ. 2012ರಲ್ಲಿ ಹದ ಬರಲಿಲ್ಲ, ಆ ವರ್ಷದ ಇಕೆಮ್ ಬಾಟಲಿಯೇ ಹೊರಬರಲಿಲ್ಲ. ಹೆಸರಿನ ಮೇಲೆ ಬದುಕುವವರು ಹೆಸರು ಉಳಿಸಿಕೊಳ್ಳಲು ಕೊಡುವ ಬೆಲೆ ಇದು.

ಇಷ್ಟೆಲ್ಲ ಕೇಳಿ ಒಂದು ಬಾಟಲಿ ಕೊಳ್ಳಬೇಕು ಅನ್ನಿಸಿದರೆ ಮೊದಲ ದರ್ಜೆಗೆ ಕೈ ಹಾಕಬೇಡಿ. ನಮ್ಮಲ್ಲಿ ಸುಂಕ ಸೇರಿ ಆ ರೇಟ್ ಎಲ್ಲಿಗೋ ಹೋಗುತ್ತದೆ. ಮೆಡೋಕ್‌ನ ಪೊಯಾಕ್ ಊರಿನ ಕಡೆಯ ಒಂದು ಐದನೇ ದರ್ಜೆ, ಹತ್ತು ವರ್ಷವಾದರೂ ಆದದ್ದು, ಸಾಕು. ಕುಡಿಯುವ ಎರಡು ಗಂಟೆ ಮೊದಲು ಅಗಲ ಬಾಯಿಯ ಜಗ್ಗಿಗೆ ಸುರಿದಿಡಿ, ಒಗರು ಸ್ವಲ್ಪ ಇಳಿಯಲಿ. ಫ್ರಿಜ್ ಬೇಡ, ಹಾಗಂತ ಬೇಸಿಗೆಯ ಸೆಕೆಯಲ್ಲಿ ಟೇಬಲ್ ಮೇಲೂ ಬೇಡ. ಜೊತೆಗೆ ಕುರಿಮಾಂಸ ಇರಲಿ, ಖಾರ ಕಡಿಮೆ ಇರಲಿ. ಪೊಯಾಕ್‌ನವರು ಕೂಡ ಕುರಿಮರಿ ಮಾಂಸದ ಜೊತೆಗೇ ಕುಡಿಯುವುದು.